ನರಿ ಬಿಟ್ಟು ಸಿಂಹ ಹಿಡಿದ ಷಡ್ಡಕರು

ನಮ್ಮ ಷಡ್ಡಕರಿಗೆ ನಿಷ್ಠೆ ಎನ್ನುವುದೇ ಇಲ್ಲ! ಗಾಬರಿಯಾಗಬೇಡಿ, ನಾನು ಸಂಸಾರದ ವಿಷಯ ಹೇಳುತ್ತಿಲ್ಲ. ನನ್ನ ಹೆಂಡತಿಯ ಅಕ್ಕನನ್ನು ಕಟ್ಟಿಕೊಂಡ ಈ ಮಹಾನುಭಾವರಿಗೆ ಮೂವತ್ತು ವರ್ಷದಿಂದ ಒಬ್ಬಳೇ ಹೆಂಡತಿ, ಒಂದೇ ಸ್ಕೂಟರು, ಒಂದೇ ಕ್ಷೌರದಂಗಡಿ. ಕಾಫಿಪುಡಿಗೆ ಚಿಕೋರಿ ಒಂದು ಚಿಟಿಕೆ ಜಾಸ್ತಿ ಬಿದ್ದರೂ ಅಂಗಡಿಗೆ ಹೋಗಿ ಜಗಳ ತೆಗೆಯುವ ಮನುಷ್ಯ. ಆದರೆ ಬ್ರೌಸರ್ ವಿಷಯಕ್ಕೆ ಬಂದರೆ ಮಾತ್ರ ಅವರ ಮನಸ್ಸು ಶುದ್ಧ ಮರ್ಕಟ! ಇಂಟರ್‌ನೆಟ್ ನೋಡಲು ಕಂಪ್ಯೂಟರಿನಲ್ಲಿ ಒಂದು ಚಿತ್ರ ಒತ್ತುತ್ತೇವಲ್ಲ, ಅದೇ ಬ್ರೌಸರ್. ನೀವು ನಾವೆಲ್ಲ ಒಮ್ಮೆ ಒತ್ತಿದ್ದನ್ನೇ ಜನ್ಮವಿಡೀ ಒತ್ತುತ್ತೇವೆ. ಇವರು ತಿಂಗಳಿಗೊಂದು ಬದಲಾಯಿಸುತ್ತಾರೆ. ನನ್ನದು ಹನ್ನೊಂದು ವರ್ಷದಿಂದ ಒಂದೇ. ಅದಕ್ಕಾಗಿ ಯಾರಾದರೂ ನನ್ನನ್ನು ಹೊಗಳಿದ್ದುಂಟೇ?

ಅವುಗಳ ಹೆಸರು ಇವರ ಬಾಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಚಿತ್ರ ನೋಡಿ ಕರೆಯುತ್ತಾರೆ. ಒಂದು ನರಿ, ಒಂದು ಸಿಂಹ, ಒಂದು ದಿಕ್ಸೂಚಿ, ಒಂದು ಬಣ್ಣದ ಚಕ್ರ. ಒಮ್ಮೆ ಮೆಟ್ರೋದಲ್ಲಿ ನನ್ನ ಪಕ್ಕದಲ್ಲೇ ನಿಂತು ಯಾರೋ ಸ್ನೇಹಿತರಿಗೆ ಫೋನಿನಲ್ಲಿ ಕೂಗುತ್ತಿದ್ದರು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರ ಗುಟ್ಟೂ ಇಡೀ ಬೋಗಿಗೆ ಕೇಳುತ್ತದೆ.

“ನರೀನ ಕಳಿಸ್ಬಿಟ್ಟೆ ಕಣಯ್ಯಾ. ಪಾಪ, ಸಾಧು ಪ್ರಾಣಿ. ಈಗ ಸಿಂಹ ಇಟ್ಕೊಂಡಿದೀನಿ. ಹೂಂ, ಮನೇಲೇ! ಏನ್ ಸ್ಪೀಡು ಅಂತೀಯಾ! ನಮ್ಮನೆಯವ್ರೂ ನಿನ್ನೆ ಮುಟ್ಟಿ ನೋಡಿದ್ರು, ಏನೂ ತೊಂದ್ರೆ ಆಗ್ಲಿಲ್ಲ!”

ಎದುರಿಗೆ ಕುಳಿತಿದ್ದ ಆಂಟಿ ಚೀಲ ಎದೆಗವಚಿಕೊಂಡು ದೀಪಾಂಜಲಿ ನಗರದಲ್ಲಿ ಇಳಿದೇಬಿಟ್ಟರು. ಅವರು ಇಳಿಯಬೇಕಾದ ಸ್ಟೇಷನ್ ಅದಲ್ಲವೆಂದು ನನಗೆ ಈಗಲೂ ಬಲವಾದ ಅನುಮಾನವಿದೆ.

ಬದಲಾಯಿಸುವುದಕ್ಕೂ ಶಾಸ್ತ್ರವಿದೆ ಸ್ವಾಮಿ! “ಬ್ರೌಸರ್ ಬದಲಾಯಿಸೋದು ಅಂದ್ರೆ ಬಾಡಿಗೆ ಮನೆ ಬದಲಾಯಿಸಿದ ಹಾಗೇ ಕಣ್ರೀ” ಎನ್ನುತ್ತಾರೆ. ಆಷಾಢದಲ್ಲಿ ಕೂಡದು. ರಾಹುಕಾಲದಲ್ಲಿ ಕೂಡದು. ಒಳ್ಳೆಯ ದಿನ ನೋಡಿ, ಕಂಪ್ಯೂಟರ್ ಮೇಜಿನ ಮೇಲೇ ಕರೆಂಟ್ ಒಲೆ ಇಟ್ಟು, ಹೊಸ ಮನೆಗೆ ಉಕ್ಕಿಸಿದಂತೆ ಹಾಲು ಉಕ್ಕಿಸುತ್ತಾರೆ. ಒಂದು ಸಲ ನಾನೇ ಅಲ್ಲಿದ್ದೆ. ಹಾಲು ಉಕ್ಕಿ, ಬುಸಬುಸನೆ ಹರಿದು, ಸೀದಾ ಕೀಬೋರ್ಡಿನೊಳಗೆ ಇಳಿಯಿತು. “ಅಯ್ಯೋ ಭಾವಾ, ಕೀಬೋರ್ಡು!” ಎಂದು ನಾನು ಕಿರುಚಿದರೆ ಇವರು ಕೈಮುಗಿದು ನಿಂತಿದ್ದಾರೆ. “ಕೀಬೋರ್ಡ್ ಹೋದ್ರೆ ಹೋಗ್ಲಿ ಬಿಡ್ರೀ. ಪೂರ್ವಕ್ಕೆ ಉಕ್ಕಿತಲ್ಲ!”

ಇದರಿಂದ ಏನು ಪ್ರಯೋಜನ ಎಂದು ನಾನು ವಾದ ಮಾಡದೆ ಇಲ್ಲ. ಯಾವುದರಲ್ಲಿ ನೋಡಿದರೂ ಅದೇ ಕರೆಂಟ್ ಬಿಲ್ಲು, ಅದೇ ಪೇಪರು, ಅದೇ ಹವಾಮಾನ.

“ಯಾವ ಬಾಗಿಲಿಂದ ಹೋದ್ರೂ ಒಳಗಿರೋದು ಅದೇ ದೇವ್ರು ತಾನೇ ಭಾವಾ?” ಎಂದೆ ಒಮ್ಮೆ.

“ದೇವ್ರು ಅದೇ ಕಣ್ರೀ. ಯಾವ ಬಾಗಿಲಲ್ಲಿ ಕ್ಯೂ ಕಮ್ಮಿ ಅಂತ ನೋಡ್ಬೇಡ್ವಾ? ಇದ್ರಲ್ಲಿ ಅರ್ಧ ಸೆಕೆಂಡ್ ಬೇಗ ತೆಗೆಯತ್ತೆ.”

“ಉಳಿದ ಅರ್ಧ ಸೆಕೆಂಡಲ್ಲಿ ಏನ್ ಮಾಡ್ತೀರಾ?”

“ಇನ್ನೊಂದು ಬ್ರೌಸರ್ ಹುಡುಕ್ತೀನಿ!”

ನನ್ನ ಹೆಂಡತಿ, ಅವಳ ಅಕ್ಕ, ನನ್ನ ಮಗಳು, ಮೂವರೂ ಬಿದ್ದು ಬಿದ್ದು ನಕ್ಕರು. ನನ್ನ ದೇವರ ಬಾಗಿಲಿನ ಉಪಮೆಗೆ ಒಬ್ಬರೂ ತಲೆದೂಗಲಿಲ್ಲ.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಏಕೆ, ಸರಿಯಾದ ಹೊಟ್ಟೆಕಿಚ್ಚು! ಕಾರಣ ಬ್ರೌಸರ್ ಅಲ್ಲ, ನನ್ನ ಮಗಳು.

ಬ್ರೌಸರ್ ಬದಲಾಯಿಸಿದರೆ ಹಳೆಯದರಲ್ಲಿ ಗುರುತು ಹಾಕಿಟ್ಟುಕೊಂಡ ಪುಟಗಳನ್ನೆಲ್ಲ ಹೊಸದಕ್ಕೆ ಸಾಗಿಸಬೇಕು. ಅದು ತಮಗೆ ಬಾರದು ಎಂದು ಷಡ್ಡಕರು ನನ್ನ ಮಗಳಿಗೆ ಫೋನ್ ಮಾಡುತ್ತಾರೆ. “ದೊಡ್ಡಪ್ಪ ಮತ್ತೆ ಮನೆ ಬದಲಾಯಿಸಿದಾರಂತೆ, ಸಾಮಾನು ಸಾಗಿಸ್ಬೇಕಂತೆ” ಎಂದು ನಗುತ್ತಾ ಇವಳು ವಿಜಯನಗರದಿಂದ ಕೆಂಗೇರಿಗೆ ಹೊರಡುತ್ತಾಳೆ. ಮಾತಿನ ಮಧ್ಯೆ ಒಂದು ಭಾನುವಾರಕ್ಕೆ ಅರ್ಧ ಸಾಮಾನು ಸಾಗುತ್ತದೆ, ಮುಂದಿನ ಭಾನುವಾರಕ್ಕೆ ಇನ್ನರ್ಧ. ಅಷ್ಟರಲ್ಲಿ ಅವರಿಗೆ ಇನ್ನೊಂದು ಪ್ರಾಣಿ ಇಷ್ಟವಾಗಿರುತ್ತದೆ. ಬೆಳಗ್ಗೆ ಹೋದವಳು ಸಂಜೆ ಒಂದು ಡಬ್ಬಿ ನಿಪ್ಪಟ್ಟಿನೊಂದಿಗೆ ಬರುತ್ತಾಳೆ.

ನನ್ನ ಹತ್ತಿರ ಅವಳ ಮಾತು ಎಷ್ಟು? “ಹೂಂ.” “ಊಹೂಂ.” “ಗೊತ್ತಿಲ್ಲಪ್ಪಾ.” ಅಲ್ಲಿ ಮಾತ್ರ ಬಾಯಿಗೆ ಬಿಡುವಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಅವಳಿಗೆ ಬಹುಮಾನ ಬಂದದ್ದು ಮೊದಲು ದೊಡ್ಡಪ್ಪನಿಗೆ ಗೊತ್ತಾಯಿತು. ಅವರು ಅತ್ತಿಗೆಗೆ ಹೇಳಿ, ಅತ್ತಿಗೆ ನನ್ನ ಹೆಂಡತಿಗೆ ಹೇಳಿ, ಅವಳು ಒಗ್ಗರಣೆ ಹಾಕುತ್ತಾ ನನಗೆ ಹೇಳಿದಳು. ಗೆಳತಿಯ ಸ್ಕೂಟರಿನಿಂದ ಬಿದ್ದು ಮೊಣಕೈ ತರಚಿಕೊಂಡ ಸುದ್ದಿಯೂ ಇದೇ ದಾರಿಯಲ್ಲಿ ಬಂತು. ನನ್ನ ಮಗಳು ನಮ್ಮ ಬೀದಿಯಲ್ಲಿ ಬಿದ್ದದ್ದು ನನಗೆ ಕೆಂಗೇರಿ ಮೂಲಕ ತಿಳಿಯಬೇಕೇ?

“ನೀವೂ ಅವಳನ್ನ ಏನಾದ್ರೂ ಕೇಳಿ. ಇದೊಂಚೂರು ಮಾಡ್ಕೊಡಮ್ಮಾ ಅನ್ನಿ. ಕೇಳಿದ್ರೆ ತಾನೇ ಮಕ್ಕಳು ಹತ್ರ ಬರೋದು?” ಎಂದಳು ಹೆಂಡತಿ.

“ನಾನು ಯಾರನ್ನೂ ಏನೂ ಕೇಳೋನಲ್ಲ!” ಎಂದೆ. ಹಾಗೆಂದು ಗಡ್ಡ ಕೆರೆದುಕೊಂಡು ಕುಳಿತೆ.

ಹೋದ ತಿಂಗಳು ನನ್ನ ಕಾಲ ಬಂತು. ಷಡ್ಡಕರು ಸಿಂಹ ಬಿಟ್ಟು ದಿಕ್ಸೂಚಿಗೆ ಹೋಗಿದ್ದರು. ಫೋನೂ ಬಂದಿತ್ತು. ಆದರೆ ಮಗಳಿಗೆ ಸೋಮವಾರದಿಂದ ಪರೀಕ್ಷೆ. ನಾನು ಎದೆಯುಬ್ಬಿಸಿ, “ನೀನು ಓದ್ಕೋ. ನಾನೇ ಹೋಗಿ ಮಾಡ್ಕೊಟ್ಟು ಬರ್ತೀನಿ” ಎಂದೆ.

“ನೀನಾ?” ಎಂದಳು. ಆ ಒಂದು ಪದದಲ್ಲಿ ಇದ್ದ ನಗುವನ್ನು ನಾನು ನುಂಗಿಕೊಂಡೆ.

ಅವಳಿಗೇನು ಗೊತ್ತು? ನಾಲ್ಕು ದಿನದಿಂದ ಆಫೀಸಿನಲ್ಲಿ ಊಟದ ಹೊತ್ತಿಗೆ ವಿಡಿಯೋ ನೋಡಿ ನೋಡಿ ನಾನು ವಿದ್ಯೆ ಕಲಿತಿದ್ದೆ! ಎರಡೇ ಎರಡು ಸಲ ಒತ್ತಿದರೆ ಎಲ್ಲ ಸಾಮಾನೂ ತಾನಾಗಿ ಸಾಗುತ್ತದೆ. ಅದನ್ನು ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ನನ್ನ ಉಪಾಯ ಸರಳ. ಕೆಲಸ ಮಾಡಿಕೊಡುವುದಷ್ಟೇ ಅಲ್ಲ, ಚೀಟಿಯನ್ನು ಅವರ ಗೋಡೆಗೆ ಅಂಟಿಸಿ ಬರುವುದು. ಆಮೇಲೆ ಅವರು ನರಿಯನ್ನಾದರೂ ಸಾಕಲಿ, ಆನೆಯನ್ನಾದರೂ ಸಾಕಲಿ. ನನ್ನ ಮಗಳ ಭಾನುವಾರ ನಮ್ಮ ಮನೆಗೆ ವಾಪಸ್ ಬರಬೇಕು!

ಕೆಂಗೇರಿಯಲ್ಲಿ ಬಾಗಿಲು ತೆಗೆದ ಅತ್ತಿಗೆ ಮೊದಲು ನನ್ನ ಬೆನ್ನ ಹಿಂದೆ ನೋಡಿದರು.

“ಅವಳು ಬರ್ಲಿಲ್ವಾ?”

“ಪರೀಕ್ಷೆ ಅತ್ತಿಗೆ. ಅದಕ್ಕೇ ನಾನು ಬಂದೆ.”

“ಓ... ಬನ್ನಿ, ಬನ್ನಿ” ಎಂದರು. ಎರಡನೆಯ ‘ಬನ್ನಿ’ಯ ಹೊತ್ತಿಗೆ ಧ್ವನಿ ಇಳಿದಿತ್ತು. ಒಳಗಿನಿಂದ ನಿಪ್ಪಟ್ಟು ಕರಿಯುವ ವಾಸನೆ ಬರುತ್ತಿತ್ತು.

ಷಡ್ಡಕರು ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ನನಗೆ ಬೆನ್ನು ಹಾಕಿ ಕುಳಿತಿದ್ದರು. ನಾನು ಬಂದದ್ದು ಅವರಿಗೆ ಕೇಳಿಸಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ಅವರು ಒಂದು ಸಲ ಒತ್ತಿದರು. ಇನ್ನೊಂದು ಸಲ ಒತ್ತಿದರು. ಅಷ್ಟೇ! ಹಳೆಯ ಬ್ರೌಸರಿನ ಸಾಮಾನೆಲ್ಲ ಹೊಸದರಲ್ಲಿ ಸಾಲಾಗಿ ಬಂದು ಕುಳಿತಿತು. ನನ್ನ ನಾಲ್ಕು ದಿನದ ವಿದ್ಯೆಯನ್ನು ಈ ಮನುಷ್ಯ ನಾಲ್ಕು ಸೆಕೆಂಡಿನಲ್ಲಿ ಮುಗಿಸಿಬಿಟ್ಟಿದ್ದರು. ಆಮೇಲೆ ಒಂದೊಂದನ್ನೇ ಬೆರಳಿಟ್ಟು ನೋಡಿ, ಎಲ್ಲ ಬಂದಿದೆ ಎಂದು ಖಾತ್ರಿ ಮಾಡಿಕೊಂಡು, ಎಲ್ಲವನ್ನೂ ಅಳಿಸಿಬಿಟ್ಟರು!

“ಅಯ್ಯೋ ಭಾವಾ! ಬಂದಿದ್ದೆಲ್ಲಾ ಹೋಯ್ತಲ್ಲಾ!” ಎಂದು ಕೂಗಿದೆ.

ಬೆಣ್ಣೆ ಕದ್ದ ಮಗುವಿನಂತೆ ಬೆಚ್ಚಿ ತಿರುಗಿದರು. “ನೀವಾ? ಅವಳೆಲ್ಲಿ?” ಎಂದು ಬಾಗಿಲಾಚೆ ನೋಡಿದರು. ಬಂದಿಲ್ಲವೆಂದು ಹೇಳಿದೆ. ಆಮೇಲೆ, “ಹಳೇದ್ರಲ್ಲಿ ಹಾಗೇ ಇದೆ, ಎಲ್ಲೂ ಹೋಗಲ್ಲ. ಕಷ್ಟದ್ದಾಗಿದ್ರೆ ಮಗೂಗೆ ತೊಂದ್ರೆ ಕೊಡಬಾರ್ದಲ್ಲ, ಅದಕ್ಕೇ ಮೊದ್ಲು ನಾನೇ ಮಾಡಿ ನೋಡ್ತೀನಿ” ಎಂದರು.

“ಮಾಡಿದ್ಮೇಲೆ ಅಳಿಸೋದ್ಯಾಕೆ?”

“ಅವಳು ಬಂದಾಗ ಅವಳಿಗೆ ಕೆಲಸ ಬೇಡ್ವೇನ್ರೀ?” ಎಂದು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. “ಸುಮ್ನೆ ಬಾ ಅಂದ್ರೆ ಮಕ್ಕಳು ಒಂದ್ಸಲ ಬರ್ತಾವೆ, ಎರಡ್ಸಲ ಬರ್ತಾವೆ. ಕೆಲಸ ಇದೆ ಅಂದ್ರೆ ಬಂದೇ ಬರ್ತಾಳೆ. ನಾನು ಒಂದ್ರಲ್ಲೇ ಇದ್ಬಿಟ್ರೆ ಅವಳು ಯಾಕೆ ಬರ್ತಾಳೆ ಹೇಳಿ? ನಿಮಗೇನ್ರೀ, ದಿನಾ ಮನೇಲೇ ಇರ್ತಾಳೆ. ಬೆಳಗ್ಗೆ ಎದ್ರೆ ಅವಳ ಚಪ್ಪಲಿ ನಿಮ್ಮನೆ ಬಾಗಿಲಲ್ಲೇ ಇರತ್ತೆ.”

ಇಷ್ಟು ವರ್ಷದಿಂದ ನಾನು ಯಾರನ್ನು ಕಂಡು ಕರುಬುತ್ತಿದ್ದೆನೋ ಅವರೇ ನನ್ನನ್ನು ಕಂಡು ಕರುಬುತ್ತಿದ್ದಾರೆ! ಅವರಿಗೆ ಮಕ್ಕಳಿಲ್ಲ. ಇದು ನನಗೆ ಮದುವೆಯಾದಂದಿನಿಂದ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಒಂದು ದಿನವಾದರೂ ಯೋಚಿಸಿರಲಿಲ್ಲ. ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಜೇಬಿನ ಚೀಟಿಯನ್ನು ಅಲ್ಲೇ ಮುದ್ದೆ ಮಾಡಿ, ಅತ್ತಿಗೆ ಕೊಟ್ಟ ಕಾಫಿ ಕುಡಿದು, ಮಗಳ ಪಾಲಿನ ನಿಪ್ಪಟ್ಟಿನ ಡಬ್ಬಿ ಹಿಡಿದುಕೊಂಡು ಮೆಟ್ರೋ ಹತ್ತಿದೆ.

ಮನೆಗೆ ಬಂದಾಗ ಮಗಳು ಪುಸ್ತಕದಿಂದ ತಲೆಯೆತ್ತಿ, “ಏನಪ್ಪಾ, ಆಯ್ತಾ? ಮಾಡ್ಕೊಟ್ಯಾ?” ಎಂದಳು.

ಹೌದು ಎನ್ನುವ ಆಸೆ ನಾಲಿಗೆಯ ತುದಿಗೇ ಬಂದಿತ್ತು.

“ಇಲ್ಲ ಕಣೇ. ನನ್ನ ಕೈಲಿ ಆಗ್ಲಿಲ್ಲ. ಪರೀಕ್ಷೆ ಮುಗಿದ್ಮೇಲೆ ನೀನೇ ಹೋಗ್ಬೇಕು” ಎಂದೆ.

ಅವಳು ಕುರ್ಚಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಕ್ಷಣ ಕೆಂಗೇರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, “ದೊಡ್ಡಪ್ಪಾ! ಅಪ್ಪನ ಕೈಲಿ ಆಗ್ಲೇ ಇಲ್ವಂತೆ! ನಾನೇ ಬರ್ತೀನಿ ಬಿಡಿ, ಪರೀಕ್ಷೆ ಮುಗಿದ ಭಾನುವಾರ!” ಎಂದಳು.



“ಹೂಂ ಕಣಮ್ಮಾ,” ಎಂದರು ಷಡ್ಡಕರು. ಯಾವಾಗಲೂ ಕೂಗುವ ಮನುಷ್ಯ ಈಗ ಮೆಲ್ಲಗೆ ಮಾತಾಡುತ್ತಿದ್ದರು. “ಪಾಪ, ನಿಮ್ಮಪ್ಪ ತುಂಬಾ ಒದ್ದಾಡಿದ್ರು. ಅವ್ರನ್ನ ಆಡ್ಕೋಬೇಡ.”

ನಾನು ಕಾಲು ತೊಳೆಯುವ ನೆಪ ಮಾಡಿಕೊಂಡು ಬಚ್ಚಲಿಗೆ ಹೋದೆ.