ವೊದ್ನಿಕ್‌ನ ಮೊಡವೆ

ಆ ಬೆಳಿಗ್ಗೆ ಹಿನೆಕ್‌ನ ಮೂಗಿನ ತುದಿಯಲ್ಲಿ ಹೊಸ ಮೊಡವೆಯೊಂದು ಕರೆಯದೆ ಬಂದ ನೆಂಟನ ಹಾಗೆ ಕಾಲು ಚಾಚಿ ಕೂತಿತ್ತು. ಕೆನ್ನೆಯ ಮೇಲಿನ ಹಳೇ ನೆಂಟರು ಯಾರೂ ಹೊರಟಿರಲಿಲ್ಲ. ಶನಿವಾರದ ಕುಣಿತಕ್ಕೆ ಶಿಶುವಿಹಾರದ ಟೀಚರ್ ಬ್ಲಾಂಕಾಳನ್ನು ಕರೆಯಲೇಬೇಕು, ಅದೂ ಇವತ್ತೇ. ಈ ಮುಖ ಹೊತ್ತು ಕರೆಯುವುದು ಹೇಗೆ?

ಅವನ ಕೆಲಸ ತ್ರೆಬೊನ್ ಊರಿನ ಕೆರೆದಂಡೆಯ ಹಳೇ ಗಿರಣಿಯಲ್ಲಿ. ಈಗ ಅದು ಪಾಚಿಯ ಪ್ರಯೋಗಾಲಯ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯಿಂದ ತೆಗೆದ ಸಾರ, ಗಾಜಿನ ತಟ್ಟೆಯಲ್ಲಿ ಮೊಡವೆಯ ಬ್ಯಾಕ್ಟೀರಿಯಾಗಳನ್ನು ಕೊಂದಿತ್ತು. ಮನುಷ್ಯರ ಮುಖಕ್ಕೆ ಇನ್ನೂ ಯಾರೂ ಹಚ್ಚಿರಲಿಲ್ಲ.

ಹಿನೆಕ್ ಕಾಯಲಿಲ್ಲ. ಯಂತ್ರದಿಂದ ಆಗಷ್ಟೇ ಇಳಿದ ಹಸಿರು ಮುದ್ದೆಯನ್ನು ಬಾಚಿ ಹಣೆಯಿಂದ ಗದ್ದದವರೆಗೆ ಮೆತ್ತಿಕೊಂಡ.

"ಅಯ್ಯೋ ಮಂಕೇ!" ಜೊತೆಗಾರ ರಾದಿಮ್ ಕೂಗಿದ. "ಅದು ಸಾರ ಅಲ್ವೋ, ಬರೀ ಪಾಚಿ!"

"ತೊಳೆದ್ರೆ ಹೋಗುತ್ತಲ್ಲ?"

ಹೋಗಲಿಲ್ಲ. ಸೋಪು ಹಾಕಿ ಉಜ್ಜಿದಷ್ಟೂ ಹಸಿರು ಕಿವಿಗೆ, ಕತ್ತಿಗೆ ಹಬ್ಬಿತು. "ಬೀರ್ ಹಾಕಿ ಉಜ್ಜು ಮಾರಾಯ," ಅಂದ ರಾದಿಮ್. ಈಗ ಹಸಿರಿನ ಜೊತೆಗೆ ವಾಸನೆಯೂ ಸೇರಿತು. ಕೊನೆಗೆ ಕೆರೆಯೇ ಗತಿ ಎಂದು ಬಗ್ಗಿದವನು ಕೋಟಿನ ಸಮೇತ ಒಳಗೇ ಜಾರಿದ.

ಏದುಸಿರು ಬಿಡುತ್ತ ಮೇಲೆ ಹತ್ತಿದರೆ ಎದುರಿಗೇ ಪಕ್ಕದ ಮನೆಯ ಹೆಡ್ವಿಕಾ ಅಜ್ಜಿ. ಕೆರೆಯಿಂದೆದ್ದ ಮೈ, ಹಸಿರು ಮುಖ, ನೀರು ತೊಟ್ಟಿಕ್ಕುವ ಕೋಟಿನ ಚುಂಗು. ಇನ್ನೇನು ಬೇಕು?

"ವೊದ್ನಿಕ್!" ಅಜ್ಜಿ ಕಿರುಚಿದಳು. ಕೆರೆಯ ತಳದಲ್ಲಿ ಕೂತು, ಮುಳುಗಿದವರ ಜೀವಗಳನ್ನು ಕುಡಿಕೆಯಲ್ಲಿ ಮುಚ್ಚಿಡುವ, ಮುಖದ ತುಂಬ ಗುಳ್ಳೆಯ ಹಸಿರು ಭೂತ ಅದು.

"ಅಜ್ಜೀ, ನಾನು, ಹಿನೆಕ್!"

"ಅಯ್ಯೋ, ಆ ಪಾಪದ ಹುಡುಗನ್ನೂ ನುಂಗಿದ್ಯಾ! ಇರ್ಲಿ, ಒಂದು ಮಾತು ಕೇಳು. ನಮ್ಮ ಯಜಮಾನ್ರ ಕುಡಿಕೆ ನಿನ್ನ ಹತ್ರಾನೇ ಇದ್ಯಲ್ಲ? ಮುಚ್ಚಳ ಮಾತ್ರ ತೆಗೀಬೇಡಪ್ಪ, ಮತ್ತೆ ಮನೆಗೆ ಬಂದ್ಬಿಟ್ಟಾರು!"

ಕೂಗು ಕೇಳಿ ಮೀನುಗಾರರು ಬಲೆ ಹಿಡಿದು ಓಡಿಬಂದರು. ಹಿನೆಕ್ ಕಾಲಿಗೆ ಬುದ್ಧಿ ಹೇಳಿದ. ಸಿಕ್ಕ ಬೇಲಿ ಹಾರಿ ಧೊಪ್ಪನೆ ಬಿದ್ದದ್ದು ಶಿಶುವಿಹಾರದ ಅಂಗಳಕ್ಕೆ, ಬ್ಲಾಂಕಾಳ ಕಾಲ ಬುಡಕ್ಕೆ.

ಮುಗೀತು ನನ್ನ ಕತೆ, ಅಂದುಕೊಂಡ.

"ಹಿನೆಕ್!" ಅವಳ ಕಣ್ಣರಳಿತು. "ಜೂನ್ ನಾಟಕಕ್ಕೆ ವೊದ್ನಿಕ್ ಸಿಗದೆ ಒದ್ದಾಡ್ತಿದ್ದೆ, ನೀನೇ ವೇಷ ಹಾಕ್ಕೊಂಡು ಬಂದ್ಯಾ!"

ಮಕ್ಕಳು ಮುತ್ತಿಕೊಂಡರು. ಒಬ್ಬಳು ಅವನ ಕೆನ್ನೆ ಚಿವುಟಿ ನೋಡಿದಳು. "ಟೀಚರ್, ಇವನ ಗುಳ್ಳೆ ನಿಜವಾದ್ದು! ಕಿತ್ರೂ ಬರಲ್ಲ!"

ಮಾನ ಹೇಗೂ ಹೋಯಿತು ಎಂದು ಹಿನೆಕ್ ಕಣ್ಣು ಮುಚ್ಚಿ ಕೇಳಿಯೇಬಿಟ್ಟ. "ಶನಿವಾರ ನನ್ನ ಜೊತೆ ಕುಣಿಯೋಕೆ ಬರ್ತೀಯಾ?"

"ಬರ್ತೀನಿ. ಆದ್ರೆ ನಾಟಕ ಮುಗಿಯೋವರೆಗೂ ಆ ಗುಳ್ಳೆಗಳಿಗೆ ಏನೂ ಹಚ್ಚಬಾರದು. ಅಂಟಿಸಿದ ಗುಳ್ಳೇನ ಈ ಮಕ್ಕಳು ಇನ್ನು ನಂಬಲ್ಲ. ಆಣೆ ಮಾಡು."

ಮಾಡಿದ.

ಖುಷಿಯಲ್ಲಿ ತೇಲುತ್ತಲೇ ಗಿರಣಿಗೆ ಮರಳಿದರೆ ಬಾಗಿಲಲ್ಲೇ ಮುಖ್ಯಸ್ಥೆ ಕ್ವಾಪಿಲೋವಾ ಮೇಡಂ.

"ಎಲ್ಲಿ ಹಾಳಾಗಿ ಹೋಗಿದ್ಯೋ? ಮನುಷ್ಯರ ಮೇಲೆ ಪರೀಕ್ಷೆ ಮಾಡೋಕೆ ಅನುಮತಿ ಬಂತು! ಶುದ್ಧ ಸಾರ, ಬಣ್ಣಾನೇ ಇಲ್ಲ. ಊರೆಲ್ಲ ಹುಡುಕಿದ್ರೂ ನಿನ್ನಂಥ ಮುಖ ಸಿಗಲ್ಲ, ಮೊದಲನೇ ಹೆಸರು ನಿಂದೇ ಕೊಟ್ಟಿದ್ದೀನಿ. ಬಾ, ಕೂತ್ಕೋ."

ಹಿನೆಕ್ ಎರಡೂ ಕೆನ್ನೆ ಮುಚ್ಚಿಕೊಂಡು ಹಿಂದೆ ಸರಿದ.

"ಬೇಡ ಮೇಡಂ. ಜೂನ್‌ವರೆಗೂ ಇವು ಬೇರೆ ಕಡೆ ಡ್ಯೂಟೀಲಿವೆ."