ಅಳಿಯಂದಿರ ಬಲಗಿವಿಯ ಕುರಿತು ಹಳೆಯ ಕಟ್ಟರ್ ಅವರಿಗೆ

ಇವರಿಗೆ,
ಮಾನ್ಯ ಹಳೆಯ ಕಟ್ಟರ್ ಅವರು,
ಕಿಟಕಿ ಪಕ್ಕದ ಮೇಜು, ನಮ್ಮ ದೊಡ್ಡಮ್ಮನ ಫೋಟೋ ಸ್ಟುಡಿಯೋ.

ಮಾನ್ಯರೇ,

ಆರು ವರ್ಷಗಳಿಂದ ತಮ್ಮ ಹಿಡಿಯನ್ನು ದಿನಕ್ಕೆ ನೂರು ಸಲ ಎತ್ತಿ ಇಳಿಸಿ, ಎಡಗೈಗಿಂತ ಬಲಗೈಯನ್ನು ದಪ್ಪ ಮಾಡಿಕೊಂಡಿರುವ ತಮ್ಮ ಸೇವಕಿಯು ತಮ್ಮ ಅಲಗಿಗೆ ಸಾಕಷ್ಟು ದೂರದಲ್ಲಿ ನಿಂತು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ; ತಮ್ಮ ಬುಡದ ಬೋಲ್ಟು ಕ್ಷೇಮವಾಗಿಲ್ಲವೆಂಬುದು ನಮ್ಮ ಗಿರಾಕಿಗಳಿಗೆಲ್ಲ ಗೊತ್ತೇ ಇದೆ. ಮನುಷ್ಯರ ಎದುರು ನಿಂತರೆ ನನಗೆ ನಾಲಿಗೆ ಏಳುವುದಿಲ್ಲವಾದ್ದರಿಂದ, ಹೇಳಬೇಕಾದ್ದನ್ನು ತಮಗೇ ಬರೆದು ತಿಳಿಸುತ್ತಿದ್ದೇನೆ.

ಮೊದಲಿಗೆ ತಮ್ಮ ಕಾರ್ಯವೈಖರಿಯನ್ನು ಹೊಗಳಬೇಕು. ಪ್ರಿಂಟಿನ ನಾಲ್ಕು ಬದಿಗಳಲ್ಲಿ ನಾವು ಮೊದಲು ಕತ್ತರಿಸುವುದು ಎಡಬದಿಯನ್ನು. ಆ ಅಂಚಿನಿಂದ ಅಳೆದು, ಫ್ರೇಮಿನ ಅಗಲಕ್ಕೆ ಸರಿಯಾಗಿ ಬಲಬದಿಯನ್ನು ಕತ್ತರಿಸುತ್ತೇವೆ. ತಾವು ಆ ಮೊದಲ ಏಟಿನಲ್ಲೇ ನುಣುಪಾದ ಪ್ರಿಂಟನ್ನು ಅಲಗಿನ ಕೆಳಗೆ ಒಂದಿಷ್ಟು ಎಳೆದುಕೊಂಡು, ಎಡತುದಿಯಲ್ಲಿ ನಿಂತವರ ಮೈಯಿಂದ ತಮ್ಮ ಪಾಲನ್ನು ತೆಗೆದುಕೊಳ್ಳುತ್ತೀರಿ, ಮತ್ತು ಬಲತುದಿಯವರ ಪಕ್ಕದಲ್ಲಿ ಅಷ್ಟೇ ಅಗಲದ ಬಿಳಿ ಜಾಗ ದಯಪಾಲಿಸುತ್ತೀರಿ. ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುವುದನ್ನು ಇಷ್ಟು ಶಿಸ್ತಾಗಿ ಮಾಡುವ ಅಧಿಕಾರಿಗಳನ್ನು ನಾನು ಬೇರೆಲ್ಲೂ ನೋಡಿಲ್ಲ. ತಾವು ಎಳೆದಷ್ಟನ್ನೂ ಹಿಂದಕ್ಕೆಳೆದು ಹಿಡಿಯಲು ನನ್ನ ಎಡಗೈ ಹೆಬ್ಬೆರಳು ತಾನಾಗಿಯೇ ಕಲಿತುಕೊಂಡಿತು, ಆದರೆ ವರ್ಷದಿಂದ ವರ್ಷಕ್ಕೆ ತಮ್ಮ ಬೋಲ್ಟು ಸಡಿಲವಾಗುತ್ತ ಹೋದಂತೆ ತಮ್ಮ ಬಲದ ಮುಂದೆ ಆ ಬಡ ಬೆರಳು ಎಷ್ಟೆಂದು ಸೆಣಸೀತು?

ತಮ್ಮ ಈ ಗುಣವನ್ನು ನಮಗಿಂತ ಮೊದಲು ಕಂಡುಹಿಡಿದವರು ಹಿಂದಿನ ಬೀದಿಯ ಹೊಲಿಗೆಯಮ್ಮನವರು. ಬಟ್ಟೆ ಕತ್ತರಿಸುವವರ ಕಣ್ಣಲ್ಲವೇ! ಅವರಿಗೊಬ್ಬರು ಅಳಿಯಂದಿರಿದ್ದಾರೆ, ಗಡಿಯಾರ ರಿಪೇರಿ ಮಾಡುವವರು. ಮದುವೆಯ ಮಾತಿಗೆ ಬಂದ ದಿನವೇ, ಕೊಟ್ಟ ಕಾಫಿಯನ್ನು ಮುಟ್ಟುವ ಮೊದಲು, ಗೋಡೆಯ ಕಡೆ ನೋಡಿ "ನಿಮ್ಮ ಗಡಿಯಾರ ಹತ್ತು ನಿಮಿಷ ಮುಂದಿದೆ" ಎಂದರಂತೆ. ಅದನ್ನು ಹೊಲಿಗೆಯಮ್ಮನವರು ಇಂದಿಗೂ ಕ್ಷಮಿಸಿಲ್ಲ. ಪ್ರತಿವರ್ಷ ಮನೆಮಂದಿಯನ್ನೆಲ್ಲ ಕರೆತಂದು ಗ್ರೂಪ್ ಫೋಟೋ ತೆಗೆಸುವಾಗ ಅವರು ಬಲತುದಿಯ ಕುರ್ಚಿಯಲ್ಲಿ ಕೂತು, ಎಡತುದಿಯನ್ನು ತೋರಿಸಿ, "ಅಳಿಯಂದಿರೇ, ನೀವು ಆ ತುದೀಲಿ ನಿಂತ್ಕೊಳ್ಳಿ, ನಿಮಗೆ ಅಲ್ಲಿ ಗಾಳಿ ಚೆನ್ನಾಗಿ ಬರತ್ತೆ" ಎನ್ನುತ್ತಾರೆ; ಪರದೆಯ ಹಿಂದೆ ಬಂದು ದೊಡ್ಡಮ್ಮನ ಕಿವಿಯಲ್ಲಿ, "ಆ ತುದಿ ಹೇಗೂ ಹೋಗತ್ತಲ್ಲ ಕಣೇ, ಅವರು ಅಲ್ಲೇ ಇರ್ಲಿ ಬಿಡು" ಎಂದು ನಗುತ್ತಾರೆ.

ಹೀಗಾಗಿ ಮೊದಲನೆಯ ವರ್ಷ ಅಳಿಯಂದಿರ ಅಂಗಿಯ ತೋಳು ಹೋಯಿತು, ಎರಡನೆಯ ವರ್ಷ ಭುಜ, ಮೂರನೆಯ ವರ್ಷ ಬಲಗಿವಿ. ನಾಲ್ಕನೆಯ ವರ್ಷ ಮೀಸೆಯ ತುದಿಯವರೆಗೂ ತಾವು ಬಂದಿರಿ. ಐದನೆಯ ವರ್ಷ ಕನ್ನಡಕದ ಒಂದು ಗಾಜನ್ನೂ ಬಿಡಲಿಲ್ಲ. ಇದೇ ವೇಗದಲ್ಲಿ ಹೋದರೆ ಎಂಟನೆಯ ವರ್ಷಕ್ಕೆ ಹೊಲಿಗೆಯಮ್ಮನವರ ಮಗಳು ಅವಿವಾಹಿತೆಯಾಗಿಬಿಡುತ್ತಿದ್ದರು.

ಕಳೆದ ತಿಂಗಳು ಆ ಅಳಿಯಂದಿರು ಒಬ್ಬರೇ ಬಂದು, ಐದೂ ಫೋಟೋಗಳನ್ನು ಕೌಂಟರಿನ ಮೇಲೆ ಸಾಲಾಗಿ ಜೋಡಿಸಿ, ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದರ ಅಂಚನ್ನೂ ಪರೀಕ್ಷಿಸಿದರು. ದೊಡ್ಡಮ್ಮ ಇರಲಿಲ್ಲ. "ನಾನು ಸಿಟ್ಟಾಗಲ್ಲ, ನಿಜ ಹೇಳಮ್ಮ," ಎಂದರು, "ಈ ತುದಿ ಕಟ್ಟಾಗತ್ತೆ ಅಂತ ಗೊತ್ತಿದ್ದೇ ನನ್ನನ್ನ ಅಲ್ಲಿ ನಿಲ್ಲಿಸ್ತಾರಾ? ಹಾಗಿದ್ರೆ ಈ ಸಲ ಫೋಟೋಗೂ ಬರಲ್ಲ, ಆ ಮನೆ ಮೆಟ್ಟಿಲೂ ಹತ್ತಲ್ಲ." ಮಾನ್ಯರೇ, ಒಂದು ಮನೆ ಎರಡಾಗುವುದೋ ಬಿಡುವುದೋ ನನ್ನ ನಾಲಿಗೆಯ ತುದಿಯಲ್ಲಿತ್ತು, ಮತ್ತು ಆ ನಾಲಿಗೆ ಎಂಥದ್ದೆಂದು ಮೇಲೆಯೇ ತಿಳಿಸಿದ್ದೇನೆ. ನಾನು ಬೆರಳೆತ್ತಿ ತಮ್ಮ ಕಡೆ ತೋರಿಸಿದೆ. "ಇದರದ್ದೇ ತಪ್ಪು. ಯಾರು ಎಲ್ಲಿ ನಿಂತರೂ ಕಟ್ ಮಾಡತ್ತೆ. ಹೊಸದು ತರ್ತೀವಿ," ಎಂದೆ. ಅವರು ತಮ್ಮನ್ನು ದಿಟ್ಟಿಸಿ ನೋಡಿ, "ಸರಿ, ನೋಡೋಣ," ಎಂದು ಹೋದರು. ತಮ್ಮ ಮೇಲೆ ಗೂಬೆ ಕೂರಿಸಿದ್ದಕ್ಕೆ ಅಂದೇ ಕ್ಷಮೆ ಕೇಳಬೇಕಿತ್ತು, ಈಗ ಕೇಳುತ್ತಿದ್ದೇನೆ.

ವಿಷಯ ತಿಳಿದ ದೊಡ್ಡಮ್ಮ, "ಬಾಯಿ ಬಿಟ್ಟಿದ್ದು ನೀನು, ಕತ್ತರಿಸೋಳೂ ನೀನು, ಹೋಗಿ ನೀನೇ ಆರಿಸ್ಕೊಂಡು ಬಾ" ಎಂದು ಕಳಿಸಿದರು. ಅಂಗಡಿಯವರು ಮೂರು ಕಟ್ಟರ್‌ಗಳನ್ನು ಹೊರಗಿಟ್ಟು, ಮೂರರಲ್ಲೂ ಹಳೆಯ ನ್ಯೂಸ್‌ಪೇಪರ್ ಕತ್ತರಿಸಿ ತೋರಿಸಿದರು. ನ್ಯೂಸ್‌ಪೇಪರನ್ನು ನನ್ನ ತಮ್ಮ ಹಲ್ಲಿನಲ್ಲೂ ನೆಟ್ಟಗೆ ಕತ್ತರಿಸುತ್ತಾನೆ. ಫೋಟೋ ಪ್ರಿಂಟ್ ಹಾಕಿ ನೋಡಬೇಕೆಂದು ಹೇಳಲು ಬಾಯಿ ಬಾರದೆ, ಚೀಲದಲ್ಲಿ ತಂದಿದ್ದ ಕೆಟ್ಟ ಪ್ರಿಂಟುಗಳನ್ನು ಹಿಡಿದು ಅರ್ಧ ಗಂಟೆ ಸ್ಟೇಪ್ಲರುಗಳನ್ನು ನೋಡುತ್ತ ನಿಂತೆ, ಕೊನೆಗೆ ಅಂಗಡಿಯವರೇ, "ಅದೇನಮ್ಮ ಕೈಯಲ್ಲಿ, ಕೊಡಿ ಇಲ್ಲಿ. ಪೇಪರ್ ಕಟ್ಟಾದ್ರೆ ಫೋಟೋ ಕಟ್ಟಾಗಲ್ವಾ?" ಎಂದು ಕಸಿದುಕೊಂಡರು.

ಮೊದಲನೆಯದರಲ್ಲಿ ಆಗಲಿಲ್ಲ. ಜಾರುವ ಪುಟ್ಟ ಬ್ಲೇಡಿನವರು ಒಂದೇ ಏಟಿಗೆ ಮುಗಿಸಲಾರದೆ ಎರಡನೆಯ ಸಲ ಎಳೆದಾಗ ಅಂಚಿನಲ್ಲಿ ಎಳೆ ಎಳೆಯಾಗಿ ಬಿಳಿ ಗಡ್ಡ ಬಿಟ್ಟರು. ತಮ್ಮಂತೆಯೇ ಹಿಡಿಯುಳ್ಳ, ಮೈಕಟ್ಟಿನಲ್ಲಿ ತಮ್ಮ ತಮ್ಮನಂತೆಯೇ ಕಾಣುವವರು ಚೆನ್ನಾಗಿಯೇ ಕತ್ತರಿಸಿದರು, ಆದರೆ ಅವರ ಬೋಲ್ಟೂ ಒಂದು ದಿನ ಹಿರಿಯರ ದಾರಿ ಹಿಡಿಯದೆ ಇದ್ದೀತೇ? ಮೂರನೆಯವರದು ಉರುಳುವ ಚಕ್ರದ ಅಲಗು. ಅದರ ಜೊತೆಗೆ ಪ್ರಿಂಟಿನ ಮೇಲೆ ಇಳಿದು ಅಲುಗದಂತೆ ಒತ್ತಿ ಹಿಡಿಯುವ ಒಂದು ಪಾರದರ್ಶಕ ಪಟ್ಟಿಯಿತ್ತು. ಚಕ್ರ ಸದ್ದಿಲ್ಲದೆ ಹೋಗಿ ಬಂತು, ಅಂಚು ಕೂದಲಿನಷ್ಟೂ ಡೊಂಕಿರಲಿಲ್ಲ. ಅವರನ್ನೇ ಕರೆತಂದೆ. ತಾವು ಕಿಟಕಿ ಪಕ್ಕದಿಂದ ನೋಡಿದ್ದೀರಿ.

ಹೊಲಿಗೆಯಮ್ಮನವರ ಮನೆಮಂದಿ ಬಂದರು, ಎಂದಿನ ಜಾಗಗಳಲ್ಲೇ ನಿಂತರು, ಪ್ರಿಂಟ್ ಬಂತು. ಹೊಸಬರ ಮೇಲೆ ಅದನ್ನಿಟ್ಟು, ಮೊದಲು ಎಡ, ಆಮೇಲೆ ಅಳೆದು ಬಲ, ಎಲ್ಲವನ್ನೂ ಹೆಮ್ಮೆಯಿಂದ ಕತ್ತರಿಸಿ, ಚೂರುಗಳನ್ನು ಬುಟ್ಟಿಗೆ ಗುಡಿಸುವಾಗ ಒಂದು ಚೂರಿನಲ್ಲಿ ಏನೋ ಹೊಳೆಯಿತು. ಎತ್ತಿ ನೋಡಿದರೆ ಹೊಸ ಓಲೆ. ಓಲೆಯ ಹಿಂದೆ ಹೊಲಿಗೆಯಮ್ಮನವರ ಎಡಗಿವಿ.

ಮಾನ್ಯರೇ, ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ. ನನಗೆ ಬಂದದ್ದು ಅದಕ್ಕಿಂತ ಕೆಟ್ಟ ಕಷ್ಟ. ಡೊಂಕು ನೆಲದ ಮೇಲೆ ಆರು ವರ್ಷ ಕುಣಿದು ಅಭ್ಯಾಸವಾದವಳಿಗೆ ಈಗ ನೆಲ ನೆಟ್ಟಗಾಗಿದೆ. ಯಾರೂ ಎಳೆಯದಿದ್ದರೂ ನನ್ನ ಹೆಬ್ಬೆರಳು, ಆ ಪಟ್ಟಿ ಇಳಿಯುವ ಮುನ್ನವೇ, ತನ್ನ ಪಾಡಿಗೆ ಪ್ರಿಂಟನ್ನು ಹಿಂದಕ್ಕೆಳೆದಿತ್ತು. ಎಡಗಡೆ ಅಳಿಯಂದಿರು ಕಾಲು ಚಾಚಿ ಮಲಗುವಷ್ಟು ಬಿಳಿ ಜಾಗ, ಬಲಗಡೆ ಅತ್ತೆಯವರ ಕಿವಿ ಬುಟ್ಟಿಗೆ. ಈ ವಿದ್ಯೆಯನ್ನು ನನ್ನ ಬೆರಳಿಗೆ ಕಲಿಸಿದ ಗುರುಗಳು ತಾವು. ದಯವಿಟ್ಟು ಅದನ್ನು ವಾಪಸ್ಸು ತೆಗೆದುಕೊಳ್ಳಬೇಕು. ಹಾಗೆಯೇ, ಐದು ವರ್ಷ ಕತ್ತರಿಸಿದ್ದನ್ನು ಮತ್ತೆ ಕೂಡಿಸಲು ತಮ್ಮ ಹಿಡಿಯನ್ನು ಎಷ್ಟು ಸಲ ಹಿಂದಕ್ಕೆತ್ತಬೇಕೆಂದು ತಿಳಿಸಬೇಕು.

ಇನ್ನೊಂದು ಪ್ರಿಂಟ್ ಹಾಕಲು ಹೊರಟಿದ್ದೆ. ಅಷ್ಟರಲ್ಲಿ ಅಳಿಯಂದಿರು ಒಳಗೆ ಬಂದು, ಕೌಂಟರಿನ ಮೇಲಿದ್ದ ಕಿವಿ ಹೋದ ಪ್ರಿಂಟನ್ನೇ ಎತ್ತಿಕೊಂಡು, ಭೂತಗನ್ನಡಿ ಸಿಕ್ಕಿಸಿಕೊಂಡರು. ಮೊದಲು ಫೋಟೋದಲ್ಲಿನ ತಮ್ಮದೇ ತೋಳು, ಭುಜ, ಬಲಗಿವಿ, ಮೀಸೆ, ಕನ್ನಡಕ ಎಲ್ಲವನ್ನೂ ಎಣಿಸಿಕೊಂಡರು. ಆಮೇಲೆ ಭೂತಗನ್ನಡಿ ಬಲತುದಿಗೆ ಹೋಗಿ ನಿಂತಿತು.

"ಅಂದ್ರೆ ನೀನು ಹೇಳಿದ್ದು ನಿಜಾನೇ," ಎಂದರು ನಿಧಾನವಾಗಿ. "ಇವು ಯಾರನ್ನೂ ಬಿಡಲ್ಲ. ನಾನು ಸುಮ್ನೆ ಅತ್ತೆ ಮೇಲೆ ಅನುಮಾನ ಪಟ್ಟೆ." ಆಮೇಲೆ, ಭೂತಗನ್ನಡಿ ತೆಗೆಯದೆಯೇ, ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು. "ಬೇರೆ ಮಾಡ್ಬೇಡಮ್ಮ, ಇದೇ ಇರ್ಲಿ, ಆರು ಕಾಪಿ ಹಾಕು. ಅತ್ತೆಗೊಂದು ಕಾಲ, ಅಳಿಯನಿಗೊಂದು ಕಾಲ!" ಮೊದಲನೆಯ ಕಾಪಿಯನ್ನು ಅವರೇ ಫ್ರೇಮ್ ಹಾಕಿಸಿ, ಹೊಲಿಗೆಯಮ್ಮನವರ ಗೋಡೆಯ ಮೇಲೆ, ಹತ್ತು ನಿಮಿಷ ಮುಂದಿರುವ ಗಡಿಯಾರದ ಕೆಳಗೆ, ನೇತುಹಾಕಿ ಬಂದರಂತೆ. ಊಟವನ್ನೂ ಅಲ್ಲೇ ಮಾಡಿದರಂತೆ. ಗಡಿಯಾರದ ಬಗ್ಗೆ ಮಾತೆತ್ತಲಿಲ್ಲವಂತೆ.

ತಮ್ಮ ಅಲಗಿನ ತುಕ್ಕು ದಿನೇ ದಿನೇ ವೃದ್ಧಿಯಾಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಹೆಬ್ಬೆರಳು ಸ್ವಾಧೀನದಲ್ಲಿಲ್ಲದ ಶಿಷ್ಯೆ

ಮರೆತ ಮಾತು: ತಮ್ಮನ್ನು ಒಯ್ಯಲು ಬಂದಿದ್ದ ಗುಜರಿಯವರನ್ನು ಇವತ್ತು ಬೆಳಿಗ್ಗೆ ವಾಪಸ್ಸು ಕಳಿಸಿದ್ದೇನೆ. ಪ್ರೀತಿಯಿಂದ ಎಂದು ದಯವಿಟ್ಟು ತಿಳಿಯಬಾರದು. ನಾಳೆ ಹತ್ತು ಗಂಟೆಗೆ, ಅವರ ಗಡಿಯಾರದ ಪ್ರಕಾರ ಹತ್ತು, ಹೊಲಿಗೆಯಮ್ಮನವರು ಕಳೆದುಹೋದ ಎಡಗಿವಿಯನ್ನು ವಿಚಾರಿಸಲು ಬರುತ್ತಿದ್ದಾರೆ. ಅವರ ಪಾಲಿಗೆ ಕತ್ತರಿಸಿದವರು ತಾವೇ. ಹೊಸಬರ ಮೇಲೆ ಬಟ್ಟೆ ಹೊದಿಸಿ, ತಮ್ಮನ್ನು ಕೌಂಟರಿನ ಮಧ್ಯಕ್ಕೆ ತಂದಿಟ್ಟಿದ್ದೇನೆ. ಇದು ಬಹಿರಂಗ ಪತ್ರವೇ ಆದರೂ, ಅವರು ಬಂದು ಹೋಗುವ ತನಕ ತಮ್ಮ ಹಲಗೆಯ ಅಡಿಯಲ್ಲಿ ಮಡಚಿ ಇರುತ್ತದೆ, ತಾವು ಅಲುಗಾಡಬಾರದು.