ನಿಮ್ಮ ತಿಥಿ ನಮ್ಮ ಜವಾಬ್ದಾರಿ

ಪ್ರಚಾರವೊಂದು ಸರಿಯಾಗಿದ್ದರೆ ಹಾಗಲಕಾಯಿಯನ್ನೂ ಹಲ್ವ ಎಂದು ಮಾರಬಹುದು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಚೆನ್ನೈನ ಗಿಂಡಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ನಟ್ಟು ಬೋಲ್ಟು ಎಣಿಸಿ ನಿವೃತ್ತನಾದವನಿಗೆ ಇಂಥ ನಂಬಿಕೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಗುಣಾಳೂ ಕೇಳಿದಳು. ಕೋಟು ತೊಟ್ಟ ಒಬ್ಬ ಯುವಕ ಫೋನಿನೊಳಗಿಂದ ಹೇಳಿದ್ದ, ನಾನು ನಂಬಿದ್ದೆ, ಅಷ್ಟೇ.

ಸುಗುಣಾ ಮಾಡುತ್ತಿದ್ದದ್ದು ತಿಥಿ ಅಡುಗೆ. ಚೆನ್ನೈನ ಫ್ಲ್ಯಾಟುಗಳಲ್ಲಿ ಮಡಿಯುಟ್ಟು ಅಡುಗೆ ಮಾಡಿ, ತಂದೆತಾಯಿಯ ಶ್ರಾದ್ಧ ನಡೆಸುವಷ್ಟು ಜಾಗವಾಗಲಿ ಜನವಾಗಲಿ ಇಲ್ಲದ ಕನ್ನಡದ ಮನೆಗಳವರು ಪೋರೂರಿನ ನಮ್ಮ ಬಾಡಿಗೆ ಮನೆಯ ಕೆಳಅಂತಸ್ತಿಗೆ ಬರುತ್ತಿದ್ದರು. ಅಲ್ಲೊಂದು ಅಡುಗೆಮನೆ, ಒಂದು ಹಜಾರ. ಬೋರ್ಡು ಇರಲಿಲ್ಲ. ಹೆಸರೂ ಇರಲಿಲ್ಲ. ಪುರೋಹಿತರು "ಸುಗುಣಮ್ಮನ ಮನೇಲಿ ಇಟ್ಕೊಳ್ಳಿ" ಅಂದರೆ ಮುಗಿಯಿತು.

ಅಲ್ಲಿನ ಕಟ್ಟುಪಾಡುಗಳೋ, ವ್ಯಾಪಾರಶಾಸ್ತ್ರಕ್ಕೆ ಸಂಪೂರ್ಣ ವಿರುದ್ಧ. ತಿಥಿ ಊಟ ಮಾಡಿದವರು ಚೆನ್ನಾಗಿತ್ತು ಅನ್ನಬಾರದು. ಹೊರಡುವಾಗ "ಬರ್ತೀವಿ" ಅನ್ನಬಾರದು. ಮನೆಯವರು "ಬನ್ನಿ" ಅನ್ನಬಾರದು. ಬಂದವರು ಉಂಡು, ಎಲೆ ಬಿಟ್ಟೆದ್ದು, ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಹೋಗುತ್ತಿದ್ದರು. ಆದರೂ ವರ್ಷ ತಿರುಗುತ್ತಲೇ ಅದೇ ತಿಥಿಗೆ ಮತ್ತೆ ಬರುತ್ತಿದ್ದರು. ಇದು ನನಗೆ ಆಗ ವಿಚಿತ್ರವೆನಿಸಲಿಲ್ಲ, ಸುಧಾರಿಸಬೇಕಾದ ಲೋಪವೆನಿಸಿತು.

ಆ ವರ್ಷ ಬರುವವರು ಕಡಿಮೆಯಾಗಿದ್ದರು. ಕೆಲವರು ಊರು ಬಿಟ್ಟಿದ್ದರು, ಕೆಲವರ ಮಕ್ಕಳು ತಿಥಿಯನ್ನೇ ಬಿಟ್ಟಿದ್ದರು. ಮನೆ ಓನರು ಕೆಳಗಿನ ಜಾಗವನ್ನು ಅಳಿಯನ ಅಂಗಡಿಗೆ ಕೇಳತೊಡಗಿದ್ದರು. "ಪಕ್ಷಮಾಸ ಒಂದು ಕಳೀಲಿ ಸಾರ್, ಆಮೇಲೆ ಹೇಳ್ತೀನಿ" ಎಂದು ಸುಗುಣಾ ಗಡುವು ಪಡೆದಿದ್ದಳು. ಪಕ್ಷಮಾಸವೆಂದರೆ ಪಿತೃಗಳ ಹದಿನೈದು ದಿನ, ಅವಳಿಗೆ ಕೈತುಂಬ ಕೆಲಸದ ಕಾಲ. ಆಗ ಎಲೆ ತುಂಬಿದರೆ ಅಡುಗೆಮನೆ ಉಳಿಯುತ್ತದೆ. ಮದ್ರಾಸಿಗೆ ನನ್ನ ಬೆನ್ನಹಿಂದೆ ಬಂದ ಅವಳಿಗೆ, ನನ್ನ ಹೆಂಡತಿ ಎನ್ನುವುದನ್ನು ಬಿಟ್ಟು ಒಂದು ಹೆಸರು ಸಿಕ್ಕಿದ್ದರೆ ಅದು ಆ ಅಡುಗೆಮನೆಯಿಂದ.

"ನೀನು ಒಲೆ ನೋಡ್ಕೋ. ಪ್ರಚಾರ ನನಗೆ ಬಿಡು" ಅಂದೆ.

"ತಿಥಿಗೇನ್ರೀ ಪ್ರಚಾರ? ಸುಮ್ನಿರಿ" ಅಂದಳು.

ಸುಮ್ಮನಿರುವುದೊಂದನ್ನು ಬಿಟ್ಟು ಬೇರೆಲ್ಲ ನನಗೆ ಬರುತ್ತದೆ. ಅಂದೇ ಜಾಲತಾಣದಲ್ಲಿ 'ಪಿತೃಪ್ರಿಯ ಕೇಟರರ್ಸ್' ಎಂಬ ಪುಟ ಉದ್ಘಾಟನೆಯಾಯಿತು. ಕನ್ನಡ, ತಮಿಳು ಎರಡರಲ್ಲೂ ಘೋಷವಾಕ್ಯ ಬರೆದೆ: "ಚಿಂತೆ ಬಿಡಿ, ನಿಮ್ಮ ತಿಥಿ ನಮ್ಮ ಜವಾಬ್ದಾರಿ!"

ಗ್ರಾಹಕರ ಮುಖ ತೋರಿಸಿದರೆ ನಂಬಿಕೆ ಬೆಳೆಯುತ್ತದೆ ಎಂದು ಕೋಟಿನ ಯುವಕ ಹೇಳಿದ್ದ. ನನ್ನ ಫೋನಿನಲ್ಲಿದ್ದ ಒಂದೇ ಒಂದು ಮುಖ ಶ್ರೀನಿವಾಸ ರಾಯರದು. ರಾಯರು ಸುಗುಣಾಳ ಮೊಟ್ಟಮೊದಲ ಗಿರಾಕಿ, ಇಲ್ಲೇ ಹುಟ್ಟಿ ಬೆಳೆದ ಹಳೇ ಮದ್ರಾಸಿನ ಕನ್ನಡಿಗರು. ಅವರ ಹೆಂಡತಿ ಕಮಲಮ್ಮನವರ ತಿಥಿ ಆಷಾಢದಲ್ಲಿ. ಮುತ್ತೈದೆಯಾಗಿ ಹೋದ ಹೆಂಗಸರಿಗೆ ಪಕ್ಷಮಾಸದಲ್ಲಿ ಮಾಡುವ ಅವಿಧವಾ ನವಮಿ ಇನ್ನೊಂದು. ಎರಡಕ್ಕೂ ತಪ್ಪದೆ ಬರುತ್ತಿದ್ದರು. ಕಮಲಮ್ಮ ಮಾಡುತ್ತಿದ್ದ ಹಾಗಲಕಾಯಿ ಗೊಜ್ಜಿನ ಹದವನ್ನು ಸುಗುಣಾ ರಾಯರಿಂದಲೇ ಕೇಳಿ ಕೇಳಿ ಕಲಿತಿದ್ದಳು. ಆ ಆಷಾಢದಲ್ಲಿ ಗೊಜ್ಜು ಬಾಯಿಗಿಟ್ಟು ರಾಯರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ನಾನು, ಮಹಾಪುರುಷ, ಬಾಗಿಲಲ್ಲಿ ನಿಂತು ಫೋಟೋ ತೆಗೆದಿದ್ದೆ.

ಅದನ್ನೇ ಪುಟದ ನೆತ್ತಿಯ ಮೇಲೆ ಹಾಕಿದೆ. ಕೆಳಗೆ ಬರೆದೆ: "ರುಚಿಗೆ ಕಣ್ಣಲ್ಲಿ ನೀರೇ ಬಂತು! ನೀವೂ ಮತ್ತೆ ಮತ್ತೆ ಬನ್ನಿ! ಇದರ ಅಗತ್ಯ ಬೀಳಬಹುದಾದ ನಿಮ್ಮ ಸ್ನೇಹಿತರನ್ನು ಟ್ಯಾಗ್ ಮಾಡಿ!"

ರಾಯರನ್ನು ಒಂದು ಮಾತು ಕೇಳಬೇಕಿತ್ತು ಎಂದು ಹೊಳೆಯಲಿಲ್ಲ. ಅವರಿಗೆ ಸಂತೋಷವಾಗಬಹುದು ಎಂದೇ ಎಣಿಸಿದ್ದೆ.

ಮುಂದೆ ಜಾಹೀರಾತು. ಇದು ಯಾವ ವಯಸ್ಸಿನವರಿಗೆ ತಲುಪಬೇಕು ಎಂದು ಫೋನು ಬಹಳ ಮರ್ಯಾದೆಯಿಂದ ಕೇಳಿತು. ತಿಥಿಗೆ ಸಂಬಂಧಪಟ್ಟವರು ಯಾರು? ವಯಸ್ಸಾದವರು. ಎಪ್ಪತ್ತರ ಆಸುಪಾಸಿನವರನ್ನು ಆರಿಸಿದೆ. ತಿಥಿ ಮಾಡಿಸುವವರು ಬೇರೆ, ಮಾಡಿಸಿಕೊಳ್ಳುವವರು ಬೇರೆ ಎಂಬ ಸೂಕ್ಷ್ಮ ಆ ಗಳಿಗೆಯಲ್ಲಿ ನನ್ನ ತಲೆಗೆ ಹತ್ತಲಿಲ್ಲ.

ಮರುದಿನ ಬೆಳಗ್ಗೆ ಮೊದಲ ಫೋನು ಬಂತು. ನಿವೃತ್ತ ಹೆಡ್‌ಮಾಸ್ಟರರ ದನಿ.

"ಪಿತೃಪ್ರಿಯಾನಾ?"

"ಹೌದು ಸಾರ್. ಯಾರ ತಿಥಿ?"

"ಅದನ್ನೇ ಕೇಳೋಣ ಅಂತ ಮಾಡ್ದೆ. ನನ್ನ ವಿಷಯ ನಿಮಗೆ ಯಾರಪ್ಪ ಹೇಳಿದ್ದು? ಡಾಕ್ಟರೇನಾದ್ರೂ ಹೇಳಿದ್ರಾ?"

ಇಲ್ಲ, ಸುಮ್ಮನೆ ಕಳಿಸಿದ್ದು ಎಂದೆ. ಅವರು "ವಾಕಿಂಗ್ ಹೊರಟಿದ್ದೆ. ಇವತ್ತು ಬೇಡ ಬಿಡಿ" ಎಂದು ಇಟ್ಟುಬಿಟ್ಟರು. ಅಂದು ಪೋರೂರು ಕೆರೆಯ ಸುತ್ತ ಎಷ್ಟು ಮಂದಿ ಹಿರಿಯರು ವಾಕಿಂಗ್ ಬಿಟ್ಟು ಮನೆಯಲ್ಲಿ ಕೂತರೋ ದೇವರೇ ಬಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಮಕ್ಕಳು, ಸೊಸೆಯರು ಎರಡು ಭಾಷೆಯಲ್ಲಿ ಬೈದರು.

ಸಂಜೆ ಆಫೀಸಿನಿಂದ ಮಗಳು ಫೋನ್ ಮಾಡಿದಳು. ಅವಳು ಕನ್ನಡ ಅರ್ಥಮಾಡಿಕೊಳ್ಳುತ್ತಾಳೆ, ಉತ್ತರ ಕೊಡುವುದು ಮಾತ್ರ ತಮಿಳಿನಲ್ಲಿ.

"ಎನ್ನಪ್ಪಾ ಇದು? ಆಫೀಸ್‌ಲ ಎಲ್ಲಾರುಂ ಸಿರಿಕ್ಕಿರಾಂಗ."

"ನಗ್ತಿದ್ದಾರಾ? ಯಾಕೆ?"

"ಅವಂಗ ಮ್ಯಾನೇಜರ ಟ್ಯಾಗ್ ಪಣ್ಣಿರ್ಕಾಂಗಪ್ಪಾ."

ತಿಥಿಯ ಅಗತ್ಯ ಬೀಳಬಹುದಾದವರನ್ನು ಟ್ಯಾಗ್ ಮಾಡಿ ಎಂದು ನಾನು ಕೇಳಿಕೊಂಡಿದ್ದೆನಲ್ಲ, ಜನ ಮನಸಾರೆ ಮಾಡಿದ್ದರು. ಮ್ಯಾನೇಜರುಗಳನ್ನು, ಭಾವಂದಿರನ್ನು, ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳನ್ನು. ಪುಟ ಕಾಳ್ಗಿಚ್ಚಿನಂತೆ ಹಬ್ಬಿತು. ಲೈಕುಗಳ ಸುರಿಮಳೆಯಾಯಿತು. ನಾನು ಸುಗುಣಾಳ ಬಳಿಗೆ ಓಡಿ, "ನೋಡು, ಊರೆಲ್ಲ ನಮ್ಮನ್ನೇ ನೋಡ್ತಿದೆ" ಅಂದೆ. ಅವಳು ಎಳ್ಳು ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನೋಡೋರು ಬಂದು ಎಲೆ ಮುಂದೆ ಕೂತ್ಕೋತಾರಾ ಕೇಳಿ" ಅಂದಳು.

ಒಬ್ಬರು ಕೂರುವವರಿದ್ದರು. ಗಿಂಡಿಯ ಕಡೆಯಿಂದ ಒಬ್ಬ ಮಗ ಸಂದೇಶ ಕಳಿಸಿದ್ದ: ತಂದೆ ತೀರಿಕೊಂಡರು, ವೈಕುಂಠ ಸಮಾರಾಧನೆಗೆ ಅಡುಗೆಯಾಗಬೇಕು. ನಾನು ನೋಡುವ ಮೊದಲೇ, ನಾನೇ ಮುಂಚಿತವಾಗಿ ಬರೆದಿಟ್ಟಿದ್ದ ಉತ್ತರವನ್ನು ಪುಟ ತಾನಾಗಿ ಕಳಿಸಿಬಿಟ್ಟಿತ್ತು: "ಅಭಿನಂದನೆಗಳು! ನಿಮ್ಮ ಸಂದೇಶದಿಂದ ನಮಗೆ ಅಪಾರ ಸಂತೋಷವಾಗಿದೆ! ನಮ್ಮ ಕುಟುಂಬಕ್ಕೆ ಸ್ವಾಗತ!" ಜೊತೆಗೆ ಒಂದು ಪಟಾಕಿಯ ಚಿತ್ರ. ನಾನು ಕ್ಷಮೆ ಕೇಳಿ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ, ಬರುವುದೂ ನ್ಯಾಯವಲ್ಲ.

ಪಕ್ಷಮಾಸ ಶುರುವಾಯಿತು. ಸುಗುಣಾ ಬೆಳಗ್ಗೆ ಮಡಿಯುಟ್ಟು, ಹಜಾರ ಸಾರಿಸಿ, ಬಾಳೆಎಲೆ ಒರೆಸಿಟ್ಟು ಕಾಯುತ್ತಿದ್ದಳು. ಬಾಡಿದ ಎಲೆಗಳನ್ನು ಸಂಜೆ ನಾನು ಓನರ ಹಸುವಿಗೆ ಹಾಕಿ ಬರುತ್ತಿದ್ದೆ. ಪುರೋಹಿತರನ್ನು ದಾರಿಯಲ್ಲಿ ತಡೆದು ಕೇಳಿದರೆ, "ಸುಗುಣಮ್ಮನ ಕೈ ಬಗ್ಗೆ ಮಾತಿಲ್ಲ. ಆದ್ರೆ ಅಲ್ಲಿ ಹೋದ್ರೆ ಫೋಟೋ ಬರತ್ತೆ ಅಂತ ಜನ ಹೆದರ್ತಾರೆ" ಅಂದರು. ಅಳುವುದಕ್ಕೆ ಒಂದು ಮೂಲೆ ಬೇಕೆಂದೇ ಜನ ನಮ್ಮಲ್ಲಿಗೆ ಬರುತ್ತಿದ್ದರು, ಆ ಮೂಲೆಗೆ ನಾನು ಸರ್ಚ್‌ಲೈಟು ಬಿಟ್ಟಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಇನ್ನು ಉಳಿದಿದ್ದದ್ದು ನವಮಿ. ರಾಯರು ಬಂದೇ ಬರುತ್ತಾರೆ ಎಂದು ಸುಗುಣಾ ಹಿಂದಿನ ದಿನವೇ ಹಾಗಲಕಾಯಿ ತರಿಸಿದ್ದಳು.

ಅಂದೇ ಮಧ್ಯಾಹ್ನ ರಾಯರು ಒಬ್ಬರೇ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ನನ್ನ ಕಡೆ ನೋಡಲಿಲ್ಲ.

"ಕೋಪ ಎಲ್ಲಾ ಇಲ್ಲಮ್ಮ, ಸುಗುಣಾ" ಅಂದರು. "ಪೊಣ್ಣು ಫೋನ್ ಮಾಡಿದ್ಲು ಪುಣೆಯಿಂದ. ಅಳ್ತಾಳೆ. ಅಪ್ಪಾ, ನೀ ಅಮ್ಮನ ನೆನೆಸ್ಕೊಂಡು ಅಳ್ತಾ ಇದೀಯ, ಕೆಳಗೆ ಜನ ನಗೋ ಬೊಂಬೆ ಹಾಕಿದಾರೆ ಅಂತಾಳೆ. ನಾಳೆ ಮಠದಲ್ಲಿ ಇಟ್ಕೊಂಡಿದೀವಿ."

"ನಂದೇ ತಪ್ಪು ರಾಯರೇ, ಇವಳದೇನೂ ಇಲ್ಲ" ಅಂದೆ.

"ಗೊತ್ತಪ್ಪಾ. ನನ್ನ ಹೆಂಡ್ತಿ ಇದ್ದಿದ್ರೆ ಫೋಟೋ ನೋಡಿ ಮೊದ್ಲು ಬೈತಿದ್ದದ್ದು ನನ್ನನ್ನೇ. ಸಾಪ್ಪಾಡು ಎಲೆ ಮುಂದೆ ಕಣ್ಣೀರು ಹಾಕಬಾರದು ಅನ್ನೋಳು."

ಸುಗುಣಾ ಒಳಗೆ ಹೋಗಿ, ಗೊಜ್ಜಿನ ಹದವನ್ನು ಮಠದ ಅಡುಗೆಯವರಿಗೆ ಹೇಳುವಂತೆ ವಿವರಿಸಿ, ತಾನು ಕುಟ್ಟಿಟ್ಟಿದ್ದ ಪುಡಿಯನ್ನು ಪೊಟ್ಟಣ ಕಟ್ಟಿ ತಂದುಕೊಟ್ಟಳು. ರಾಯರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದ್ದರು. ಇಷ್ಟು ವರ್ಷ ನಮ್ಮ ಹೊಸಿಲು ದಾಟುವಾಗ ಅವರು ತುಟಿ ಬಿಚ್ಚಿದವರಲ್ಲ. ಅಂದು ತಿಥಿಯಲ್ಲವಲ್ಲ, ಮಾತಾಡಲು ಅಡ್ಡಿಯಿರಲಿಲ್ಲ.

"ಬರ್ತೀನಮ್ಮಾ" ಅಂದರು.

ಏನೂ ಹೇಳದೆ ಹೋಗುತ್ತಿದ್ದಾಗಲೆಲ್ಲ ತಪ್ಪದೆ ಬಂದವರು ಅವರು. ಸುಗುಣಾ ಬಾಗಿಲು ಹಿಡಿದು, ಅವರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು. ಆಮೇಲೆ ಒಳಗೆ ಬಂದು, "ಓನರಿಗೆ ಹೇಳ್ಬಿಡಿ, ಜಾಗ ತಗೊಳ್ಳಲಿ ಅಂತ" ಅಂದಳು. ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ.

ಈಗ ಕೆಳಗೆ ಓನರ ಅಳಿಯನ ಮೊಬೈಲ್ ಅಂಗಡಿ ಇದೆ. ಮುಂದೆ ದೊಡ್ಡ ಬೋರ್ಡಿದೆ, ಬಣ್ಣದ ದೀಪವಿದೆ. ರಾಯರ ಫೋಟೋವನ್ನು ಅವರು ಬಂದುಹೋದ ದಿನವೇ ಪುಟದಿಂದ ಅಳಿಸಿದೆ. ಪುಟವನ್ನೇ ಅಳಿಸಹೊರಟರೆ ಫೋನು ಪಾಸ್‌ವರ್ಡು ಕೇಳಿತು, ಅದು ಮರೆತುಹೋಗಿತ್ತು. ಹಾಗಾಗಿ ಪಿತೃಪ್ರಿಯ ಇನ್ನೂ ಅಂತರಿಕ್ಷದಲ್ಲಿ ಗತಿ ಕಾಣದೆ ಅಲೆಯುತ್ತಿದೆ.

ಮೊನ್ನೆ ಬೆಳಗ್ಗೆ ಫೋನು ಟಿಂಗ್ ಎಂದಿತು. "ನಿಮ್ಮ ಪುಟಕ್ಕೆ ಇಂದಿಗೆ ಒಂದು ವರ್ಷ! ಸಂಭ್ರಮಿಸಿ!" ಯಾರಿಗಾದರೂ ಹೇಳಬೇಕೆನಿಸಿತು. ಮನೆಯಲ್ಲಿದ್ದವಳು ಸುಗುಣಾ ಒಬ್ಬಳೇ.

"ನೋಡು, ಪುಟಕ್ಕೆ ಒಂದು ವರ್ಷ ಆಯ್ತಂತೆ" ಅಂದೆ.

ಅವಳು ಒಲೆಯ ಮುಂದಿನಿಂದ ತಿರುಗದೆ ಕೇಳಿದಳು, "ಎಲೆ ಹಾಕ್ಲಾ?"

ನಿಜವಾಗಿಯೂ ಹಾಕಿದಳು. ನಾನೊಬ್ಬನೇ ಕೂತೆ. ಅಂದು ಹಾಗಲಕಾಯಿ ಗೊಜ್ಜು. ಹಲ್ವ ಎಂದುಕೊಂಡು ಬಾಯಿಗಿಟ್ಟೆ, ಹಾಗಲಕಾಯಿಯೇ ಆಗಿತ್ತು. ಊಟ ಹೇಗಿದೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ತಿಥಿ ಊಟದಲ್ಲಿ ಹಾಗೆಲ್ಲ ಹೇಳುವ ಪದ್ಧತಿಯಿಲ್ಲ.